ಜಪಸರದಲ್ಲಿ ನನ್ನ ಅರ್ಧ

ಅದು ಸೆಪ್ಟೆಂಬರ್ ತಿಂಗಳ ಕೊನೆಯ ದಿನ. ಹೊನ್ನಾಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ನಾನು ಎಂದಿನಂತೆ ಬೆಳಿಗ್ಗೆ ಆರೂವರೆಗೆ ನಿಂತು ಕೂಗಲು ಶುರು ಮಾಡಿದ್ದೆ. ಕೂಗುವುದೇ ನನ್ನ ಕೆಲಸ. ಬಸ್ ಮಾಲೀಕರ ಏಜೆಂಟ್ ಎಂದು ಹೇಳಿಕೊಂಡರೂ ಜನಕ್ಕೆ ಗೊತ್ತಿರುವುದು ನನ್ನ ಗಂಟಲು ಮಾತ್ರ. ‘ಸಾಸ್ವೆಹಳ್ಳಿ, ಸಾಸ್ವೆಹಳ್ಳಿ, ಚನ್ನಗಿರಿ’ ಎಂದು ಒಂದು ಬಸ್ಸಿಗೆ, ‘ನ್ಯಾಮತಿ, ಸವಳಂಗ, ಶಿವಮೊಗ್ಗ’ ಎಂದು ಇನ್ನೊಂದಕ್ಕೆ. ಇಪ್ಪತ್ತೆಂಟು ವರ್ಷ ಹೀಗೆ ಕೂಗಿದ್ದೇನೆ. ಊರ ಹೆಸರಿನ ಕೊನೆಯ ಅಕ್ಷರವನ್ನು ಎಳೆದು ಬಿಡುವುದು ನನ್ನ ರೂಢಿ. ಹೊಳೆಯ ಕಡೆಯಿಂದ ಓಡಿ ಬರುವವರಿಗೂ ಕೇಳಿಸಬೇಕಲ್ಲ.

ಆ ದಿನ ನ್ಯಾಮತಿ ಬಸ್ಸಿನ ಡ್ರೈವರ್ ರುದ್ರೇಶಿ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ನಕ್ಕ. ‘ಏನ್ ಇನಾಸಣ್ಣ, ಕಪ್ಪೆ ನುಂಗಿದಂಗೈತಲ್ಲ ಗಂಟ್ಲು? ಸಾಸ್ವೆಹಳ್ಳಿ ಅಂತೀಯೋ ಸಾಸಿವೆ ಅಂತೀಯೋ ಒಂದೂ ತಿಳಿಯಾಕಿಲ್ಲ.’

‘ಮಳೆಗಾಲದ್ದು. ಹೋಗುತ್ತೆ ಬಿಡು’ ಎಂದೆ.

ಮಳೆಗಾಲ ಶುರುವಾದಾಗಿನಿಂದ ಗಂಟಲು ಕಟ್ಟಿಯೇ ಇತ್ತು. ಓಂಕಾಳು ಅಗಿದೆ, ಬಿಸಿನೀರು ಕುಡಿದೆ, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ನೋವು ಇರಲಿಲ್ಲ. ನೋವಿಲ್ಲದಿದ್ದರೆ ಕಾಯಿಲೆಯಲ್ಲ ಎಂದು ನಂಬಿಕೊಂಡಿದ್ದೆ. ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಆರೋಗ್ಯಮ್ಮ ಅಂಗಳದಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಸ್ವರೂಪವನ್ನು, ಅಂದರೆ ಪ್ರತಿಮೆಯನ್ನು, ಒರೆಸುತ್ತಿದ್ದಳು. ಒಂದು ಗೇಣು ಎತ್ತರದ ಸ್ವರೂಪ. ನೀಲಿ ಮೇಲುಹೊದಿಕೆಯ ಬಣ್ಣ ಒಂದು ಭುಜದಲ್ಲಿ ಎದ್ದಿತ್ತು. ವರ್ಷದ ಹನ್ನೊಂದು ತಿಂಗಳು ಅದು ನಮ್ಮ ಮನೆಯ ಹಲಗೆಯ ಮೇಲಿರುತ್ತದೆ. ಅಕ್ಟೋಬರ್ ಬಂದರೆ ಪ್ರಯಾಣ ಹೊರಡುತ್ತದೆ.

ಅಕ್ಟೋಬರ್ ನಮಗೆ ಜಪಸರದ, ಅಂದರೆ ಮಣಿಸರ ಹಿಡಿದು ಎಣಿಸಿ ಹೇಳುವ ಪ್ರಾರ್ಥನೆಯ, ತಿಂಗಳು. ಮೂವತ್ತೊಂದು ದಿನವೂ ಸಂಜೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಹೇಳಬೇಕು. ಆದರೆ ಕಥೋಲಿಕರ ಮನೆಗಳು ಈ ಕಡೆ ಬೆರಳೆಣಿಕೆ. ಹೊನ್ನಾಳಿಯಲ್ಲಿ ನಾಲ್ಕು, ನ್ಯಾಮತಿಯಲ್ಲಿ ಎರಡು, ಚನ್ನಗಿರಿಯಲ್ಲಿ ಮೂರು, ಕತ್ತಲಗೆರೆಯಲ್ಲಿ ಒಂದು, ಜಗಳೂರಿನಲ್ಲಿ ನನ್ನ ಮಗಳು ಸೆಲಿನ್‌ಳ ಮನೆ ಸೇರಿದಂತೆ ಎರಡು. ಅದಕ್ಕೇ ಸ್ವರೂಪ ಒಂದೊಂದು ಮನೆಯಲ್ಲಿ ಎರಡು ಮೂರು ದಿನ ಉಳಿದು, ಹಳೆಯ ಬಿಸ್ಕತ್ತಿನ ಡಬ್ಬದಲ್ಲಿ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಊರಿಂದೂರಿಗೆ ಹೋಗುತ್ತದೆ. ಹೊನ್ನಾಳಿಯಿಂದ ಹೊರಟು ಜಗಳೂರಿನಲ್ಲಿ ತಿಂಗಳು ಮುಗಿಸುತ್ತದೆ. ಮೊದಲ ದಿನ ಯಾವಾಗಲೂ ನಮ್ಮ ಮನೆಯಲ್ಲಿ.

ಆ ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಉಂಡೆ. ಬಿಸಿ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಯೋಚನೆಯೇ ಇಲ್ಲದೆ ನುಂಗಿದೆ. ಹಾಗೆ ಯೋಚಿಸದೆ ನುಂಗಿದ ಕೊನೆಯ ಊಟ ಅದು ಎಂದು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

ಮರುದಿನ ಬಾಲಯೇಸುವಿನ ತೆರೇಸಮ್ಮನವರ ಹಬ್ಬ. ಸಂಜೆ ನಾಲ್ಕೂ ಮನೆಯವರು ಬಂದರು. ಸೆಲಿನ್ ಕೂಡ ಜಗಳೂರಿನಿಂದ ಬಂದಿದ್ದಳು. ಅವಳು ಬಿಳಿಚೋಡು ಕಡೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್.

ಜಪಸರ ಹೇಳುವ ಕ್ರಮ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಒಂದೇ ಪ್ರಾರ್ಥನೆಯನ್ನು ಎರಡು ಭಾಗ ಮಾಡಿ ಹೇಳುತ್ತೇವೆ. ‘ನಮೋ ಮರಿಯಾ’ ಎಂದು ಶುರುವಾಗಿ ‘ಯೇಸುವೂ ಧನ್ಯರು’ ಎಂದು ಮುಗಿಯುವ ಮೊದಲರ್ಧವನ್ನು ಒಬ್ಬರು ಹೇಳುತ್ತಾರೆ. ‘ಸಂತ ಮರಿಯಾ, ದೇವಮಾತೆಯೇ’ ಎಂದು ಶುರುವಾಗುವ ಎರಡನೆಯ ಅರ್ಧವನ್ನು ಉಳಿದವರು ಉತ್ತರವಾಗಿ ಹೇಳುತ್ತಾರೆ. ಹೀಗೆ ಐವತ್ತು ಸಲ. ಹತ್ತು ಹತ್ತು ಸಲದ ಒಂದೊಂದು ಸುತ್ತಿಗೆ ರಹಸ್ಯ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಮೊದಲರ್ಧ ನನ್ನದು, ಎರಡನೆಯದು ಆರೋಗ್ಯಮ್ಮನದು. ಮದುವೆಯಾದ ಮಾರನೆಯ ಸಂಜೆಯಿಂದ ಹಾಗೇ.

ಒಂದು ಜಗಳವೂ ಅಂದಿನಿಂದಲೇ ಇತ್ತು. ಆರೋಗ್ಯಮ್ಮ ನಾನು ಮುಗಿಸುವವರೆಗೆ ಕಾಯುತ್ತಿರಲಿಲ್ಲ. ನನ್ನ ‘ಧನ್ಯರು’ ಅರ್ಧ ಬಾಯಲ್ಲಿರುವಾಗಲೇ ಅವಳ ‘ಸಂತ ಮರಿಯಾ’ ನುಗ್ಗಿಬಿಡುತ್ತಿತ್ತು.

‘ನಾನು ಮುಗಿಸಾಕಾದ್ರೂ ಬಿಡೇ. ನಿಂಗೇನು ಬಸ್ ತಪ್ಪಿ ಹೋಗ್ತದಾ?’ ಎನ್ನುತ್ತಿದ್ದೆ.

‘ನೀವು ಬಸ್ ಸ್ಟ್ಯಾಂಡಾಗ ಕೂಗಿದಂಗೆ ಧನ್ಯರೂಊಊ ಅಂತ ಎಳೀತೀರಿ. ಅಷ್ಟೊತ್ತಿಗೆ ಮರಿಯಮ್ಮ ಬಸ್ ಹತ್ತಿ ಸವಳಂಗ ದಾಟಿರ್ತಾಳೆ’ ಎನ್ನುತ್ತಿದ್ದಳು. ಮೂವತ್ತೊಂದು ವರ್ಷ ಈ ಮಾತು ಬದಲಾಗಲಿಲ್ಲ.

ಆ ಸಂಜೆ ಎರಡನೆಯ ರಹಸ್ಯದ ನಡುವೆ ನನ್ನ ಧ್ವನಿ ನಿಂತುಹೋಯಿತು. ಕಟ್ಟಲಿಲ್ಲ, ಒಡೆಯಲಿಲ್ಲ, ನಿಂತಿತು. ಬಾಯಿ ಆಡುತ್ತಿತ್ತು, ಬರೀ ಗಾಳಿ ಬರುತ್ತಿತ್ತು. ಎಲ್ಲರೂ ತಲೆಯೆತ್ತಿ ನೋಡಿದರು. ಪಕ್ಕದ ಮನೆಯ ಲೂರ್ದಮ್ಮ ನೀರು ತಂದಳು. ಕುಡಿದೆ. ಗಾಳಿಯೇ ಬಂತು. ಕೊನೆಗೆ ಲೂರ್ದಮ್ಮನೇ ಉಳಿದದ್ದನ್ನು ಹೇಳಿ ಮುಗಿಸಿದಳು.

ಎಲ್ಲರೂ ಹೋದ ಮೇಲೆ ಸೆಲಿನ್ ನನ್ನೆದುರು ಕೂತಳು. ‘ಅಪ್ಪ, ಎಷ್ಟು ದಿನ ಆತು ಹಿಂಗಾಗಿ?’

ಬೆರಳೆಣಿಸಿ ಮೂರು ತೋರಿಸಿದೆ.

‘ಮೂರು ದಿನಾನಾ?’

ಆರೋಗ್ಯಮ್ಮ ಒಳಗಿಂದ ಕೂಗಿದಳು, ‘ಮೂರು ತಿಂಗಳು. ನಾ ಹೇಳಿದ್ರೆ ಓಂಕಾಳು ಕೊಡು ಅಂತಾರೆ.’

ಮಗಳ ಮುಖ ನರ್ಸಿನ ಮುಖವಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. ‘ನಾಳೆ ಹೋಗಾಣ’ ಎಂದಳು. ಮರುದಿನ ಗಾಂಧಿ ಜಯಂತಿ, ಹೊರರೋಗಿಗಳನ್ನು ನೋಡುವುದಿಲ್ಲ ಎಂದು ಆಮೇಲೆ ನೆನಪಾಯಿತು. ಆ ರಜೆಯ ದಿನ ಕಾವಲುದೂತರ, ಅಂದರೆ ಒಬ್ಬೊಬ್ಬರನ್ನೂ ಕಾಯಲು ದೇವರು ಇಟ್ಟಿರುವ ದೂತರ, ಹಬ್ಬವೂ ಹೌದು. ಆರೋಗ್ಯಮ್ಮ ಇಡೀ ದಿನ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಯಾರೊಂದಿಗೋ ಮಾತಾಡುತ್ತಿದ್ದಳು. ನನ್ನ ಕಾವಲುದೂತನಿಗೆ ಬೈಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು.

ಮೂರನೆಯ ತಾರೀಖು ದಾವಣಗೆರೆಗೆ ಹೋದೆವು. ಅಲ್ಲಿನ ದೊಡ್ಡಾಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಗೋಡೆಗೆ ಹೊಂದಿಸಿದ ಕಬ್ಬಿಣದ ಕುರ್ಚಿಗಳು. ನಾಲ್ಕು ಕುರ್ಚಿ ಒಂದೇ ಸರಳಿಗೆ ಜೋಡಿಸಿದ್ದರಿಂದ ಒಬ್ಬರು ಕಾಲು ಅಲ್ಲಾಡಿಸಿದರೆ ನಾಲ್ವರೂ ಅಲ್ಲಾಡಬೇಕು. ಆರೋಗ್ಯಮ್ಮ ಕಾಲು ಅಲ್ಲಾಡಿಸುವವಳು. ಪಕ್ಕದಲ್ಲಿ ಕೂತಿದ್ದ ಹರಪನಹಳ್ಳಿ ಕಡೆಯ ಅಜ್ಜ, ‘ತಾಯಿ, ನನ್ನ ಕಾಯಿಲೇನೇ ಸಾಕು, ತೊಟ್ಲು ತೂಗಬ್ಯಾಡ’ ಎಂದ.

ಚೀಟಿ ಬರೆಯುವವನು ಜೊತೆಯಲ್ಲಿ ಬಂದವರ ಹೆಸರು ಕೇಳಿದ.

‘ಆರೋಗ್ಯ’ ಎಂದಳು.

‘ಆರೋಗ್ಯ ಹೆಂಗೈತೆ ಅಂತ ಡಾಕ್ಟರ್ ಕೇಳ್ತಾರೆ. ನಾನು ಕೇಳಿದ್ದು ಹೆಸರು.’

‘ಹೆಸರೇ ಆರೋಗ್ಯಮ್ಮ ಕಣಪ್ಪ.’

ಅವನು ಪೆನ್ನು ಕೆಳಗಿಟ್ಟು ನನ್ನನ್ನೂ ಅವಳನ್ನೂ ನೋಡಿದ. ‘ಆರೋಗ್ಯ ಮನೇಲಿಟ್ಕಂಡು ಇಲ್ಲಿಗ್ಯಾಕೆ ಬಂದ್ರಿ ಯಜಮಾನ್ರೆ?’ ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಶಬ್ದ ಬರಲಿಲ್ಲ. ಆ ಪಡಸಾಲೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕಿದ್ದು ನನಗೆ ದೊಡ್ಡ ಧೈರ್ಯ ಕೊಟ್ಟಿತು.

ನೋಡಿದವರು ಸಣ್ಣ ವಯಸ್ಸಿನ ಡಾಕ್ಟರಮ್ಮ. ಬೀಡಿ ಸೇದುತ್ತಿದ್ದೆನೇ ಎಂದು ಮೊದಲು ಕೇಳಿದರು. ಸೆಲಿನ್ ಮದುವೆಯವರೆಗೆ ಸೇದಿದ್ದೆ. ಇದ್ದದ್ದನ್ನು ಇದ್ದಂತೆ ಬರೆದು ಕೊಟ್ಟೆ. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯ ಒಂದು ಬದಿಯಲ್ಲಿ ಏನೋ ಇದೆ, ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಎರಡು ದಿನ ಬಿಟ್ಟು ಜ್ಞಾನ ತಪ್ಪಿಸಿ ಅದನ್ನು ತೆಗೆದರು. ಎಚ್ಚರವಾದಾಗ ಡಾಕ್ಟರಮ್ಮ ನನ್ನ ಕೈಗೆ ಒಂದು ಸ್ಲೇಟು ಕೊಟ್ಟಿದ್ದರು. ‘ನಾನು ಹೇಳೋವರೆಗೆ ಒಂದು ಮಾತೂ ಆಡಬಾರದು. ಪಿಸುಮಾತು ಕೂಡ ಬೇಡ. ಪಿಸುಮಾತು ಇನ್ನೂ ಕೆಟ್ಟದ್ದು’ ಎಂದರು.

ಇಪ್ಪತ್ತೆಂಟು ವರ್ಷ ಕೂಗಿದವನ ಕೈಗೆ ಒಂದನೇ ಕ್ಲಾಸಿನ ಸ್ಲೇಟು ಬಂತು.

ಮನೆಗೆ ಬಂದ ಸಂಜೆ ಸ್ವರೂಪ ಇನ್ನೂ ನಮ್ಮಲ್ಲೇ ಇತ್ತು; ಹೊನ್ನಾಳಿಯ ಉಳಿದ ಮೂರು ಮನೆಯವರು ಈ ಸಲ ತಮ್ಮ ಸರದಿಯನ್ನು ನಮಗೇ ಬಿಟ್ಟುಕೊಟ್ಟಿದ್ದರು. ಮೂವರೇ ಕೂತೆವು. ಮೊಂಬತ್ತಿ ಹಚ್ಚಿ ಸೆಲಿನ್ ಜಪಸರ ಕೈಗೆತ್ತಿಕೊಂಡಳು. ‘ನಮೋ ಮರಿಯಾ’ ಎಂದು ಶುರು ಮಾಡಿದ್ದಳಷ್ಟೆ, ಆರೋಗ್ಯಮ್ಮ ಅವಳ ಮೊಣಕಾಲಿಗೆ ತಟ್ಟಿದಳು.

‘ನೀನು ನನ್ನ ಕಡೆ ಸೇರ್ಕ. ಆ ಕಡೀದು ನಿಮ್ಮಪ್ಪಂದು.’

‘ಅಪ್ಪ ಮಾತಾಡಂಗಿಲ್ಲಲ್ಲಮ್ಮ.’

‘ಮಾತಾಡೋದು ಯಾರು ಕೇಳಿದ್ರು? ಮನಸ್ಸಲ್ಲಿ ಹೇಳ್ಲಿ. ನಾವು ಕಾಯಾಣ.’

‘ಹಂಗಾದ್ರೆ ಅರ್ಧ ಜಪಸರ ಆಗುತ್ತಲ್ಲ? ನೀನೇ ಮೊದ್ಲಿಂದು ಹೇಳು, ನಾನು ಉತ್ರ ಕೊಡ್ತೀನಿ.’

‘ನನಗೆ ಅದು ಬರಾಕಿಲ್ಲ’ ಎಂದಳು ಆರೋಗ್ಯಮ್ಮ.

ಸುಳ್ಳು ಎಂದುಕೊಂಡೆ. ಹುಟ್ಟಿದಾಗಿನಿಂದ ಕೇಳಿದ ಪ್ರಾರ್ಥನೆ ಬರುವುದಿಲ್ಲವೆಂದರೆ ಹೇಗೆ? ಆದರೆ ಅವಳ ಮುಖ ನೋಡಿದೆ. ಹಟ ಮಾಡುವಾಗ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಅಂದು ಕೆಂಪಾಗಿತ್ತು. ನನ್ನ ಜಾಗದಲ್ಲಿ ಬೇರೆ ಧ್ವನಿ ಕೂತರೆ ಅದು ಅಲ್ಲೇ ಉಳಿದುಬಿಡುತ್ತದೆ ಎಂದು ಅವಳಿಗೆ ಭಯ.

ಹಾಗೆ ಶುರುವಾಯಿತು. ನಾನು ಮಣಿ ಹಿಡಿದು ಮನಸ್ಸಿನಲ್ಲಿ ಮೊದಲರ್ಧ ಹೇಳುವುದು. ಕೋಣೆಯಲ್ಲಿ ಮೌನ. ಅವಳು ಕಾದು, ‘ಸಂತ ಮರಿಯಾ, ದೇವಮಾತೆಯೇ’ ಎನ್ನುವುದು. ಮತ್ತೆ ಮೌನ. ಹೊರಗಿನಿಂದ ಕೇಳುವವರಿಗೆ ಹೆಂಗಸೊಬ್ಬಳು ನಿಲ್ಲಿಸಿ ನಿಲ್ಲಿಸಿ ಏನೋ ಬೇಡುತ್ತಿರುವಂತೆ ಕೇಳಿಸಿರಬೇಕು.

ಏಳೆಂಟು ಮಣಿ ದಾಟಿದ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ನಾನು ಮನಸ್ಸಿನಲ್ಲಿ ‘ಯೇಸುವೂ ಧ...’ ಎನ್ನುವಷ್ಟರಲ್ಲಿ ಅವಳು ಶುರು ಮಾಡಿಬಿಡುತ್ತಿದ್ದಳು. ನನ್ನ ಧ್ವನಿಯೇ ಇಲ್ಲ, ಆದರೂ ಎಲ್ಲಿ ತುಂಡರಿಸಬೇಕೋ ಅಲ್ಲೇ ತುಂಡರಿಸುತ್ತಿದ್ದಳು. ಇನ್ನೊಂದು ಮಣಿ ನೋಡಿದೆ. ಹಾಗೇ. ಬೇಕೆಂದೇ ನಿಧಾನವಾಗಿ ಹೇಳಿದೆ. ಆಗಲೂ ‘ಧ’ದ ಮೇಲೇ ಬಂದಳು. ಸ್ಲೇಟು ತೆಗೆದು ದೊಡ್ಡದಾಗಿ ಬರೆದೆ: ‘ನಾನಿನ್ನೂ ಮುಗಿಸಿಲ್ಲ.’

ಅವಳು ಕಣ್ಣು ಕಿರಿದು ಮಾಡಿ ಓದಿದಳು. ‘ಮನಸ್ಸಲ್ಲಿ ಹೇಳೋದ್ಕೂ ಎಳಿಯಾದು ಯಾಕ್ರೀ? ಬಿರ್ರನೆ ಹೇಳ್ರಿ’ ಎಂದಳು.

ಸೆಲಿನ್ ಜಪಸರ ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಎಂಟನೆಯ ತಾರೀಖು ಸ್ವರೂಪ ನ್ಯಾಮತಿಗೆ ಹೋಗಬೇಕಿತ್ತು. ಪ್ರತಿವರ್ಷ ಡಬ್ಬವನ್ನು ಬಸ್ಸಿಗೆ ಹತ್ತಿಸುತ್ತಿದ್ದವನು ನಾನು. ಈ ಸಲ ನಿಲ್ದಾಣಕ್ಕೆ ಹೋಗಲು ನನಗೆ ಮನಸ್ಸಿರಲಿಲ್ಲ. ಅಲ್ಲಿ ಆಗಲೇ ಯಾವುದೋ ಹುಡುಗಿಯ ಧ್ವನಿಯನ್ನು ರೆಕಾರ್ಡ್ ಮಾಡಿ ಹಾಕಿದ್ದಾರೆ ಎಂದು ಕೇಳಿದ್ದೆ. ರುದ್ರೇಶಿಯೇ ಮನೆಗೆ ಬಂದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಸ್ಸಿನ ಕೀಲಿ. ಡಬ್ಬ ತೆರೆದು ನೋಡಿದ.

‘ಇದರಾಗೆ ಮುಚ್ಚಿಟ್ರೆ ಉಸಿರು ಕಟ್ಟಾಕಿಲ್ಲೇನಕ್ಕ ಅಮ್ಮಂಗೆ? ಮುಂದೆ ಇಂಜಿನ್ ಪಕ್ಕ ಕೂರಿಸ್ತೀನಿ. ನಮ್ಮ ಬಸವಣ್ಣನ ಫೋಟೋ ಐತೆ, ಜತೆ ಆಗ್ತದೆ.’

‘ಟಿಕೆಟ್ ಕೇಳ್ತಾನೇನು ನಿನ್ನ ಕಂಡಕ್ಟರು?’ ಎಂದಳು ಆರೋಗ್ಯಮ್ಮ.

‘ಕೇಳ್ತಾನೆ. ಹಿರಿಯ ನಾಗರಿಕರು ಅಂತೀನಿ.’ ಅವನು ನನ್ನ ಕಡೆ ತಿರುಗಿದ. ‘ಇನಾಸಣ್ಣ, ಆ ರೆಕಾರ್ಡಿನ ಹುಡುಗಿ ಸವಳಂಗಕ್ಕೆ ಸಾವಳಂಗ ಅಂತಾಳೆ. ಒಂದು ದಿನ ಬೈಯಾಕಾದ್ರೂ ಬಾ.’

ಅವನು ತೋಳಲ್ಲಿ ಮಗುವನ್ನು ಎತ್ತಿಕೊಂಡಂತೆ ಸ್ವರೂಪ ಎತ್ತಿಕೊಂಡು ಹೋದ. ಆ ತಿಂಗಳು ಮರಿಯಮ್ಮ ನಾನಿಲ್ಲದೆ ನ್ಯಾಮತಿ ನೋಡಿದಳು, ಚನ್ನಗಿರಿ ನೋಡಿದಳು. ಎಲ್ಲ ಮನೆಯವರೂ ನನ್ನ ಹೆಸರಿನಲ್ಲಿ ಒಂದು ರಹಸ್ಯ ಹೇಳಿದರು ಎಂದು ಆಮೇಲೆ ತಿಳಿಯಿತು. ಕತ್ತಲಗೆರೆಯ ಮನೆಯವರು ಸ್ವರೂಪದ ಜೊತೆ ಒಂದು ಬಾಟಲಿ ಜೇನು ಕಳಿಸಿದ್ದರು. ಅದು ಜಗಳೂರು ಸುತ್ತಿ ನನ್ನ ಕೈ ಸೇರಿತು.

ಪರೀಕ್ಷೆಯ ವರದಿ ಬಂದದ್ದು ಹದಿನೆಂಟಕ್ಕೆ. ಅದು ಲೂಕರ ಹಬ್ಬ. ಸುವಾರ್ತೆ ಬರೆದ ಲೂಕರು ವೈದ್ಯರೂ ಆಗಿದ್ದರು. ಆರೋಗ್ಯಮ್ಮ ಬೆಳಿಗ್ಗೆಯಿಂದ ಅವರನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದಳು. ‘ದೊಡ್ಡ ಡಾಕ್ಟ್ರೇ, ಸಣ್ಣ ಡಾಕ್ಟರಮ್ಮನ ಬಾಯಾಗೆ ಒಳ್ಳೇ ಮಾತು ಬರ್ಸು’ ಎಂದು ಬಸ್ಸಿನಲ್ಲಿ ಹೇಳಿದ್ದು ನನಗೂ ಹಿಂದಿನ ಸೀಟಿನವರಿಗೂ ಕೇಳಿಸಿತು.

ಡಾಕ್ಟರಮ್ಮ ಆ ಪದವನ್ನು ಹೇಳಿದರು. ನಾನು ಅದನ್ನು ಮೊದಲೇ ಊಹಿಸಿದ್ದೆ, ಆದರೂ ಕೇಳಿದಾಗ ಕಾಲಿನ ಬೆರಳುಗಳು ತಣ್ಣಗಾದವು. ಬೇರೆ ಏನೂ ಆಗಲಿಲ್ಲ. ‘ಸಣ್ಣದಿದ್ದಾಗಲೇ ಬಂದಿದ್ದೀರಿ. ಆಪರೇಷನ್ ಬೇಕಿಲ್ಲ, ಕಿರಣ ಚಿಕಿತ್ಸೆ ಸಾಕು. ಕಾಯಿಲೆ ಹೋಗುತ್ತೆ ಅಂತ ನನಗೆ ನಂಬಿಕೆ ಇದೆ’ ಎಂದರು.

ಸ್ಲೇಟಿನ ಮೇಲೆ ಬರೆದೆ: ‘ಧ್ವನಿ?’

‘ಬರಬಹುದು. ಮೊದಲಿನ ಹಾಗೇ ಬರುತ್ತೆ ಅಂತ ಮಾತು ಕೊಡೋಕಾಗಲ್ಲ.’

ಆರೋಗ್ಯಮ್ಮ ಎದ್ದು ಡಾಕ್ಟರಮ್ಮನ ಕೈ ಹಿಡಿದುಕೊಂಡಳು. ‘ಬಸ್ ಸ್ಟ್ಯಾಂಡಿಗೆ ಬ್ಯಾಡ ತಾಯಿ. ಮನೇಗೆ ಆಗೋವಷ್ಟು ಕೊಡು ಸಾಕು.’

ಕಿರಣ ಚಿಕಿತ್ಸೆ ಶುರುವಾದದ್ದು ಇಪ್ಪತ್ತೆಂಟಕ್ಕೆ. ತಾರೀಖು ಕೇಳಿದ ಕೂಡಲೇ ಆರೋಗ್ಯಮ್ಮ ಬಿಳುಚಿಕೊಂಡಳು. ಆ ದಿನ ಯೂದ ತದ್ದೇಯುರ ಹಬ್ಬ. ಯಾರೂ ದಿಕ್ಕಿಲ್ಲದವರಿಗೆ, ಎಲ್ಲರೂ ಕೈಬಿಟ್ಟವರಿಗೆ ಅವರೇ ಸಂತ. ‘ಆಸ್ಪತ್ರೆಯವ್ರು ನಮ್ಮನ್ನ ಆಗ್ಲೇ ಕೈಬಿಟ್ರಾ? ಅದಕ್ಕೇ ಈ ದಿನ ಕೊಟ್ರಾ?’ ಎಂದು ಫೋನಿನಲ್ಲಿ ಮಗಳನ್ನು ಕೇಳಿದಳಂತೆ. ಸೆಲಿನ್ ಹೇಳಿದಳಂತೆ, ‘ಅಮ್ಮ, ಆಸ್ಪತ್ರೆ ಕ್ಯಾಲೆಂಡರಿನಾಗೆ ಸಂತರಿಲ್ಲ, ಮಷೀನ್ ಯಾವಾಗ ಖಾಲಿ ಐತೆ ಅಂತ ಮಾತ್ರ ಐತೆ.’

ವಾರಕ್ಕೆ ಐದು ದಿನ, ಆರು ವಾರಕ್ಕೂ ಮೇಲೆ. ನನ್ನ ಮುಖ ಮತ್ತು ಕತ್ತಿಗೆ ಸರಿಯಾಗಿ ಬಿಳಿ ಪ್ಲಾಸ್ಟಿಕ್ಕಿನ ಜಾಲರಿ ಮುಖವಾಡ ಮಾಡಿದ್ದರು. ಅದನ್ನು ಹಾಕಿ ಮೇಜಿಗೆ ಕ್ಲಿಪ್ ಹಾಕಿದರೆ ತಲೆ ಅಲುಗುವುದಿಲ್ಲ. ಮೊದಲ ದಿನ ಉಸಿರು ಸಿಕ್ಕಲಿಲ್ಲ ಅನ್ನಿಸಿ ಕೈಯೆತ್ತಿಬಿಟ್ಟೆ. ಕೇರಳದ ಟೆಕ್ನಿಷಿಯನ್ ಒಬ್ಬಳು ಬಂದು ಕ್ಲಿಪ್ ತೆಗೆದು, ‘ಅಪ್ಪಾ, ಒಂದು ನಿಮಿಷ ಕೂತ್ಕೊಳ್ಳಿ, ಅವಸರ ಇಲ್ಲ’ ಎಂದಳು. ಅವಳ ಕತ್ತಿನಲ್ಲಿ ಸಣ್ಣ ಶಿಲುಬೆ ಇತ್ತು. ನಾನು ಜೇಬಿನಿಂದ ಜಪಸರ ತೆಗೆದು ತೋರಿಸಿದೆ. ‘ಒಳಗೆ ಲೋಹ ಬೇಡ’ ಎಂದು ಅದನ್ನು ಇಸಿದುಕೊಂಡು ತನ್ನ ಮೇಜಿನ ಮೇಲಿಟ್ಟಳು. ಅಂದಿನಿಂದ ದಿನವೂ ಅದು ಅವಳ ಮೇಜಿನ ಮೇಲಿರುತ್ತಿತ್ತು, ನಾನು ಒಳಗೆ ಬೆರಳುಗಳಲ್ಲಿ ಎಣಿಸುತ್ತಿದ್ದೆ. ಯಂತ್ರ ಒಂದು ಬದಿಯಿಂದ ಗುಂಯ್‌ಗುಟ್ಟುವಷ್ಟರಲ್ಲಿ ಮೂರು ನಮೋ ಮರಿಯಾ, ಇನ್ನೊಂದು ಬದಿಗೆ ಮೂರು. ಎರಡೂ ಅರ್ಧಗಳನ್ನು ನಾನೇ ಹೇಳಿಕೊಳ್ಳಬೇಕಿತ್ತು. ಎರಡನೆಯ ಅರ್ಧಕ್ಕೆ ಬಂದಾಗ ಮನಸ್ಸಿನಲ್ಲಿ ನನ್ನ ಧ್ವನಿ ಬರುತ್ತಿರಲಿಲ್ಲ, ಅವಳದೇ ಬರುತ್ತಿತ್ತು.

ಮೂರನೇ ವಾರದಿಂದ ಉಗುಳು ನುಂಗುವುದೂ ಕಷ್ಟವಾಯಿತು. ಕತ್ತಿನ ಚರ್ಮ ಕಪ್ಪಾಗಿ ಬಿರಿಯಿತು. ರುಚಿ ಹೋಯಿತು. ಆರೋಗ್ಯಮ್ಮ ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ತರುತ್ತಿದ್ದಳು. ಚಮಚ ಬಾಯಿಗಿಡುವಾಗ ತನ್ನ ಬಾಯಿಯನ್ನೂ ತೆರೆಯುತ್ತಿದ್ದಳು. ಒಂದು ದಿನ ಅವಳು ಹೊರಗೆ ಹೋಗಿ ಬಂದಾಗ ಬೆರಳಿನಿಂದ ಮೆಣಸಿನಕಾಯಿ ಮಂಡಕ್ಕಿಯ ವಾಸನೆ ಬಂತು. ದಾವಣಗೆರೆಯಲ್ಲಿ ಅದಿಲ್ಲದ ಮೂಲೆ ಇಲ್ಲ. ಅವಳು ಕಳ್ಳಿಯಂತೆ ಕೈಯನ್ನು ಸೆರಗಿನಲ್ಲಿ ಮುಚ್ಚಿದಳು.

ಸ್ಲೇಟಿನಲ್ಲಿ ಬರೆದೆ: ‘ಖಾರ ಹೆಂಗಿತ್ತು?’

‘ಸಪ್ಪೆ ಇತ್ರೀ. ನೀವಿದ್ರೂ ತಿಂತಿರ್ಲಿಲ್ಲ’ ಎಂದಳು. ಕಣ್ಣಲ್ಲಿ ಖಾರದ ನೀರು ಇನ್ನೂ ಇತ್ತು. ಅವಳು ತಿಂದಳು ಎಂದು ನನಗೆ ಸಂತೋಷವಾಯಿತು. ಜೊತೆಗಿರುವವರು ಹಸಿದಿರುತ್ತಾರೆ ಎನ್ನುವುದು ಮಲಗಿರುವವರಿಗೆ ಕಾಣಿಸುವುದೇ ಇಲ್ಲ.

ಆ ದಿನಗಳಲ್ಲೂ ಮನೆಗೆ ಬಂದ ಮೇಲೆ ಸಂಜೆ ಜಪಸರ ತಪ್ಪಲಿಲ್ಲ. ಅಕ್ಟೋಬರ್ ಮುಗಿದು ಸ್ವರೂಪ ಹಲಗೆಗೆ ಮರಳಿತ್ತು, ನವೆಂಬರ್ ಎರಡರ ಸತ್ತವರ ಸ್ಮರಣೆಯೂ ಕಳೆದಿತ್ತು. ನಾನು ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದೆ. ಎಚ್ಚರವಾದಾಗ ಅವಳು ಇನ್ನೂ ಕಾಯುತ್ತಿರುತ್ತಿದ್ದಳು. ನಾನು ಮಣಿ ದಾಟಿಸಿದ್ದೇನೋ ಇಲ್ಲವೋ ಎಂದು ನನ್ನ ಹೆಬ್ಬೆರಳನ್ನೇ ನೋಡುತ್ತಾ.

ಚಿಕಿತ್ಸೆ ಡಿಸೆಂಬರಿನಲ್ಲಿ ಮುಗಿಯಿತು. ಕ್ರಿಸ್ಮಸ್ಸಿಗೆ ಕೇಕಿನ ಮೆತ್ತನೆಯ ಭಾಗವನ್ನು ಹಾಲಿನಲ್ಲಿ ನೆನೆಸಿ ತಿಂದೆ, ಸಿಹಿ ಇದೆ ಎಂದು ಗೊತ್ತಾಯಿತು. ಸಂತ ಬ್ಲೇಸರ ಹಬ್ಬಕ್ಕೆ, ಅಂದರೆ ಫೆಬ್ರವರಿ ಮೂರಕ್ಕೆ, ಎರಡು ಮೊಂಬತ್ತಿಗಳನ್ನು ಕತ್ತರಿಯಂತೆ ಜೋಡಿಸಿ ಗಂಟಲಿಗೆ ಮುಟ್ಟಿಸಿ ಆಶೀರ್ವದಿಸುವ ರೂಢಿ ಇದೆ. ಫಾದರ್ ನನ್ನ ಕಪ್ಪು ಕತ್ತನ್ನು ನೋಡಿ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದರು. ಡಾಕ್ಟರಮ್ಮ ಆಗಲೇ ಮೆಲ್ಲಗೆ ಮಾತಾಡಲು ಬಿಟ್ಟಿದ್ದರೂ ನನಗೆ ಧೈರ್ಯ ಬಂದಿರಲಿಲ್ಲ. ಅಂದು ‘ಆಮೆನ್’ ಎಂದೆ. ಬಾಗಿಲ ಕೆಳಗೆ ಕಲ್ಲು ಸಿಕ್ಕಿಕೊಂಡು ಎಳೆದಂತೆ ಇತ್ತು. ಆದರೂ ಧ್ವನಿ. ಆರೋಗ್ಯಮ್ಮ ನನ್ನ ಮುಂದಿನ ಸಾಲಿನಲ್ಲಿದ್ದಳು. ತಿರುಗಿ ನೋಡಲಿಲ್ಲ, ಅವಳ ಬೆನ್ನು ಮಾತ್ರ ನೆಟ್ಟಗಾಯಿತು.

ಮಾರ್ಚ್ ಹೊತ್ತಿಗೆ ಒಂದು ಇಡೀ ಜಪಸರ ಹೇಳುವಷ್ಟು ಧ್ವನಿ ಬಂತು. ಮೊದಲಿನದಲ್ಲ. ಒರಟು, ಕೆಳಗಿನ ಸ್ಥಾಯಿ, ಏರಿಸಲಾಗದು. ಆ ಸಂಜೆ ಅವಳಿಗೆ ಮೊದಲೇ ಹೇಳಲಿಲ್ಲ. ಮೊಂಬತ್ತಿ ಹಚ್ಚಿದಳು, ಕೂತಳು, ನನ್ನ ಹೆಬ್ಬೆರಳನ್ನು ನೋಡಲು ಶುರು ಮಾಡಿದಳು. ನಾನು ಬಾಯಿಬಿಟ್ಟು ‘ನಮೋ ಮರಿಯಾ’ ಎಂದೆ. ಅವಳು ಹೆಬ್ಬೆರಳಿನಿಂದ ಕಣ್ಣು ತೆಗೆಯಲಿಲ್ಲ. ನಾನು ಮುಂದುವರಿಸಿ ‘ಯೇಸುವೂ ಧ’ ಎನ್ನುವಷ್ಟರಲ್ಲಿ ‘ಸಂತ ಮರಿಯಾ’ ಎಂದು ನುಗ್ಗಿದಳು.

‘ನಾನಿನ್ನೂ ಮುಗಿಸಿಲ್ಲ ಕಣೇ’ ಎಂದೆ.

‘ಆರು ತಿಂಗ್ಳು ಕಾದಿದೀನಿ, ಇನ್ನೂ ಮುಗಿಸಿಲ್ವಾ?’ ಎಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆ ದಿನ ಐವತ್ತು ಮಣಿಗೆ ಬಹಳ ಹೊತ್ತು ಹಿಡಿಯಿತು.

ಮತ್ತೆ ನಿಲ್ದಾಣಕ್ಕೆ ಹೋದೆ. ಕೂಗುವುದಿಲ್ಲ. ಬಸ್ಸುಗಳ ಹೊತ್ತು ನೋಡುವುದು, ಹೊಸಬರಿಗೆ ದಾರಿ ತೋರಿಸುವುದು. ರುದ್ರೇಶಿ ದಿನವೂ, ‘ಬಾ, ಈ ಹುಡುಗಿಗೆ ಸವಳಂಗ ಕಲಿಸು’ ಎನ್ನುತ್ತಿದ್ದ. ಆ ಬೇಸಿಗೆ ನನ್ನ ಬದುಕಿನ ಒಳ್ಳೆಯ ಕಾಲ ಎಂದು ಈಗ ತಿಳಿಯುತ್ತದೆ. ಮುದ್ದೆಯನ್ನು ಯೋಚಿಸಿ ನುಂಗುತ್ತಿದ್ದೆ, ಆದರೆ ನುಂಗುತ್ತಿದ್ದೆ.

ಆಗಸ್ಟಿನಲ್ಲಿ, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ ಕಳೆದು ಒಂದು ವಾರಕ್ಕೆ, ಆರೋಗ್ಯಮ್ಮ ಹೋದಳು. ಮಧ್ಯಾಹ್ನ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದವಳು ಗೋಡೆಗೆ ಒರಗಿದ್ದಳು. ಲೂರ್ದಮ್ಮ ನೋಡಿದಾಗ ಆಗಿಹೋಗಿತ್ತು. ಹೃದಯ ಎಂದರು. ನಾನು ನಿಲ್ದಾಣದಲ್ಲಿದ್ದೆ. ‘ಈಗಲೂ ನಮ್ಮ ಮರಣದ ಸಮಯದಲ್ಲೂ ಪ್ರಾರ್ಥಿಸಿರಿ’ ಎಂದು ದಿನಕ್ಕೆ ಐವತ್ತು ಸಲ ಹೇಳಿದವಳು. ಅವಳ ಆ ಸಮಯಕ್ಕೆ ಅದನ್ನು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಫಾದರ್‌ಗೆ ಇದನ್ನು ಹೇಳಿದಾಗ, ‘ಅಷ್ಟು ವರ್ಷ ಅವರೇ ಮುಂಚಿತವಾಗಿ ಹೇಳಿಟ್ಟಿದ್ದರಲ್ಲ’ ಎಂದರು. ಆ ಮಾತು ನನಗೆ ಸಾಕಾಯಿತು. ಪೂರ್ತಿ ಅಲ್ಲ, ಬದುಕಲು ಸಾಕಾಗುವಷ್ಟು.

ಮೊನ್ನೆ ತಪಾಸಣೆಗೆ ಹೋದಾಗ ಅದೇ ಕಬ್ಬಿಣದ ಕುರ್ಚಿಯಲ್ಲಿ ಜಗಳೂರು ಕಡೆಯ ರೈತನೊಬ್ಬ ಸ್ಲೇಟು ಹಿಡಿದು ಕೂತಿದ್ದ. ಅವನ ಹೆಂಡತಿ ಕೇಳಿದಳು, ‘ಅಣ್ಣಾರೆ, ಇವ್ರಿಗೆ ಮಾತು ಬರ್ತದಾ ತಿರುಗಾ?’ ‘ನೋಡವ್ವ, ನಾನು ಆಡ್ತಿಲ್ವಾ?’ ಎಂದೆ. ಇಬ್ಬರೂ ನನ್ನ ಬಾಯನ್ನೇ ನೋಡಿದರು. ಧ್ವನಿ ಒರಟಾಗಿತ್ತು, ಆದರೂ ಅವರಿಗೆ ಅಷ್ಟೇ ಬೇಕಿತ್ತು. ‘ಅವ್ರು ಮಾತಾಡ್ದಾಗ ನೀನು ಊಟ ಮಾಡು, ಮಾತಾಡ್ದೆ ಇದ್ದಾಗ್ಲೂ ಊಟ ಮಾಡು’ ಎಂದು ಅವಳಿಗೆ ಹೇಳಿ ಬಂದೆ. ಇದನ್ನು ಬರೆಯಲು ಕೂತದ್ದು ಆ ಇಬ್ಬರಿಗಾಗಿ.

ಈ ಅಕ್ಟೋಬರ್ ಒಂದರಂದು ಸ್ವರೂಪವನ್ನು ನಾನೇ ಒರೆಸಿದೆ. ಎಲ್ಲರೂ ಬಂದರು. ನ್ಯಾಮತಿಯವರೂ ಚನ್ನಗಿರಿಯವರೂ ತಮ್ಮ ಸರದಿಗೆ ಕಾಯದೆ ಮೊದಲ ದಿನವೇ ಬಂದಿದ್ದರು. ರುದ್ರೇಶಿ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ನಾನು ಮೊದಲರ್ಧ ಹೇಳಿದೆ, ಮನೆ ತುಂಬಿದ ಜನ ಉತ್ತರ ಹೇಳಿದರು. ಐವತ್ತು ಸಲವೂ ನನ್ನ ಧ್ವನಿ ನಿಲ್ಲಲಿಲ್ಲ. ಸಂತೋಷವಾಯಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಮುಗಿದ ಮೇಲೆ ಸೆಲಿನ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು, ‘ಅಪ್ಪ, ನಾಳೆಯಿಂದ ನಾನು ಅಮ್ಮನಂಗೆ ಮುಂಚೇನೇ ಶುರು ಮಾಡ್ಲಾ?’

‘ಬ್ಯಾಡ ಬಿಡವ್ವ’ ಎಂದೆ.

ಈಗ ನಾನು ನನ್ನ ಅರ್ಧವನ್ನು ಪೂರ್ತಿಯಾಗಿ ಹೇಳುತ್ತೇನೆ. ಎಲ್ಲರೂ ಮರ್ಯಾದೆಯಿಂದ ಕಾಯುತ್ತಾರೆ. ‘ಧನ್ಯರು’ ಕೊನೆಯ ಅಕ್ಷರದವರೆಗೂ ಕೇಳಿಸುತ್ತದೆ. ಅದನ್ನು ನಡುವೆ ತುಂಡರಿಸುವವಳು ಇಲ್ಲ.